ನಲವತ್ನಾಲ್ಕು ಮಿಲಿಮೀಟರ್

ದಿಲ್ಲಿಯಿಂದ ಬಂದ ಫೈಲಿನಲ್ಲಿ
ಯುದ್ಧಕ್ಕೆ ಇನ್ನೂರು ವರ್ಷ,
ನಾಣ್ಯಕ್ಕೆ ಎಪ್ಪತ್ತು ದಿನ.
ಚಿತ್ರಗಾರ ಹನ್ನೆರಡು ಕುದುರೆ ಬರೆದಿದ್ದ,
ಒಂದು ನದಿ, ಹೊಗೆ, ನಗಾರಿಯವನು,
ಮೂಲೆಯಲ್ಲಿ ತೊಗಲಿನ ಚೀಲ ಹೊತ್ತು ಬಗ್ಗಿ
ಬಿದ್ದವರಿಗೆ ನೀರು ಬಿಡುವ ಒಬ್ಬ.

ನನಗೆ ಸಿಕ್ಕ ಬಯಲು ನಲವತ್ನಾಲ್ಕು ಮಿಲಿಮೀಟರ್.
ಅದರಲ್ಲೇ ಅಂಚಿಗೆ ಹಲ್ಲು, ಎಡಕ್ಕೆ ಹಿಂದಿ, ಬಲಕ್ಕೆ ಇಂಗ್ಲಿಷು,
ಇಸವಿಗೆ ಇಸವಿಯ ಜಾಗ.
ಸಾಹೇಬರು ಭೂತಗನ್ನಡಿ ಕೆಳಗಿಟ್ಟು
'ಪತ್ತಾರ, ಕುದುರೆ ಮೂರು ಸಾಕು' ಅಂದರು.
ನೀರಿನವನು?
'ಅವನು ಬೇಡ. ಗುಳ್ಳೆ ಎದ್ದ ಹಾಗೆ ಕಾಣ್ತಾನೆ.'

ಹೀಗೆ ಒಂದು ಬುಧವಾರ, ಊಟದ ಗಂಟೆಗೆ ಮುಂಚೆ,
ಒಂಬತ್ತು ಸವಾರರು ಸತ್ತರು,
ಎರಡನೆಯ ಸಲ.

ಇಳಕಲ್ಲಿನಲ್ಲಿ ನಮ್ಮಪ್ಪ
ಬೋರಮಾಳದ ಗುಂಡಿಗೆ ಅಚ್ಚು ಕೊರೆಯುತ್ತಿದ್ದ.
ಅಚ್ಚಿನಾಗ ತಗ್ಗು ಬಿದ್ದರ
ಬಂಗಾರದ ಮ್ಯಾಲ ಉಬ್ಬು ಬರತೈತಿ, ಮಬ್ಬ ಸೂಳೀಮಗನ,
ಅಂತ ಬೈದೇ ಕಲಿಸಿದ.
ಉಕ್ಕಿನೊಳಗೆ ಎಲ್ಲ ಉಲ್ಟಾ.
ಕತ್ತಿ ಎಡಗೈಗೆ ಹೋಗುತ್ತದೆ,
ಪೂರ್ವದಿಂದ ನುಗ್ಗಿದವರು ಪಶ್ಚಿಮದಿಂದ ನುಗ್ಗುತ್ತಾರೆ,
ಎಷ್ಟು ಆಳ ಅಗೆದರೆ
ಅಷ್ಟು ಎದ್ದು ನಿಲ್ಲುತ್ತಾನೆ ವೀರ.

ನದಿ ಮಾತ್ರ ಕೈಗೆ ಬರಲಿಲ್ಲ.
ಎಷ್ಟು ಕೊರೆದರೂ ಬಾಚಣಿಗೆ ಎಳೆದ ಹಾಗೆ.
ಭಾನುವಾರ ರೈಲು ಹತ್ತಿದೆ.
ಪುಣೆ, ಅಲ್ಲಿಂದ ಕೆಂಪು ಬಸ್ಸು,
ಇಟ್ಟಿಗೆ ಭಟ್ಟಿಯ ಹತ್ತಿರ ಇಳಿದು ನಡೆದೆ.
ರಣರಂಗದಲ್ಲಿ ಒಬ್ಬ ಟೆಂಪೋ ತೊಳೆಯುತ್ತಿದ್ದ.
ಇನ್ನೊಬ್ಬ, ಗೇನು ಭೋಯಿ, ಕಾಲು ಚಾಚಿ ಕೂತು
ಬಲೆ ಹೊಲಿಯುತ್ತಿದ್ದ.
ಬಲೆಯ ಅಂಚಿಗೆ ಸಾಲಾಗಿ ಸೀಸದ ಗುಂಡು,
ಗಜ್ಜುಗದಷ್ಟು, ಗಜ್ಜುಗದ್ದೇ ಬಣ್ಣ.
ನೀರಿಳಿದಾಗ ಕೆಸರಲ್ಲಿ ಸಿಗುತ್ತವಂತೆ.
ತೂತು ಕೊರೆದದ್ದು ಅವನ ಅಜ್ಜನಂತೆ.

ಯಾರ ಕಡೆಯವು ಇವು?
ನನ್ನ ಹರಕು ಮರಾಠಿಯಲ್ಲಿ ಕೇಳಿದೆ.
ಗೇನು ಬಲೆ ಎತ್ತಿ ಹರಡಿ
'ಇವು ಈ ಕಡೆಯವು, ಅವು ಆ ಕಡೆಯವು' ಎಂದು
ಎರಡು ಅಂಚು ತೋರಿಸಿ
ಬೀಡಿ ಕೆಮ್ಮು ಬರುವ ತನಕ ನಕ್ಕ.
ಒಂದನ್ನು ಬಿಚ್ಚಿ ಕೊಟ್ಟ.
ಬದಲಿಗೆ ಹತ್ತು ರೂಪಾಯಿ ನಾಣ್ಯ ಚಾಚಿದೆ.
ನಾವೇ ಹೊಡೆದದ್ದು.
ತಿರುವಿ ನೋಡಿ ವಾಪಸು ಕೊಟ್ಟ:
'ಇದು ನಮ್ಮೂರಲ್ಲಿ ನಡೆಯೂದಿಲ್ಲ.'

ಬಿಡುಗಡೆಯ ದಿನ ಫೋರ್ಟಿನ ಸಭಾಂಗಣದಲ್ಲಿ
ಸೇವಂತಿಗೆ, ಮೈಕು, ಮಖಮಲ್ಲಿನ ಡಬ್ಬಿ.
ಎರಡೂ ಕಡೆಯ ವಂಶಸ್ಥರು ಒಂದೇ ಸೋಫಾದಲ್ಲಿ,
ನಡುವೆ ಎರಡು ನೀರಿನ ಬಾಟಲಿ.
ಇನ್ನೂರು ರೂಪಾಯಿಯ ನಾಣ್ಯಕ್ಕೆ
ನಾಲ್ಕು ಸಾವಿರದ ಮೂರುನೂರು ಕೊಟ್ಟು ಕೊಂಡರು ಜನ,
ಯಾವ ಅಂಗಡಿಯಲ್ಲೂ ಅದನ್ನು ಕೊಡಲಾರರು.
ಮೂರನೆಯ ಕುದುರೆಯ ಹಿಂಗಾಲಿನ ನರ
ಎಷ್ಟು ಚೆನ್ನಾಗಿ ಬಂದಿತ್ತು!
ಯಾರೂ ಅದನ್ನು ಹೇಳಲಿಲ್ಲ.

ಲೆಕ್ಕ ಮುಗಿದ ಮೇಲೆ ಅಚ್ಚು ರದ್ದಾಗಬೇಕು.
ಇಬ್ಬರು ಅಧಿಕಾರಿಗಳು, ಒಂದು ರಿಜಿಸ್ಟರು,
ನನ್ನ ಕೈಯಲ್ಲಿ ನನ್ನದೇ ಉಳಿ.
ಕೊರೆದವನೇ ಕೆಡಿಸಬೇಕೆಂದು ಎಲ್ಲೂ ಬರೆದಿಲ್ಲ,
ಆ ದಿನ ಬೇರೆ ಯಾರೂ ಡ್ಯೂಟಿಯಲ್ಲಿ ಇರಲಿಲ್ಲ.
ಕುದುರೆಯ ಮೇಲೆ ಗೀರು ಎಳೆಯಲು ಮನಸ್ಸಾಗಲಿಲ್ಲ.
ನದಿಯ ಮೇಲೆ ಎಳೆದೆ.
'ಇನ್ನೊಂದು, ಅಡ್ಡಕ್ಕೆ' ಅಂದರು ಸಾಹೇಬರು.
ಅದು ಎಲ್ಲರ ಮೇಲೂ ಹಾಯ್ದು ಹೋಯಿತು.

ಗೇಟಿನಲ್ಲಿ ಜಪ್ತಿ. ದಿನಾ ಇದ್ದದ್ದೇ.
ಕಿಸೆಯ ಗುಂಡು ಬಾಯಿ ಬಿಟ್ಟಿತು ಯಂತ್ರಕ್ಕೆ.
ಏನಿದು? ಎಲ್ಲಿಯದು? ಯಾವ ವಿಭಾಗ?
ಕಾವಲಿನವನು ಮೂಸಿ, ಉಗುರಲ್ಲಿ ಕೆರೆದು, ಯೋಚಿಸಿ
'ಮೀನಿನ ಸಾಮಾನು' ಎಂದು ಬರೆದುಕೊಂಡ.
ಆರೂ ಹನ್ನೆರಡರ ಲೋಕಲ್ ತಪ್ಪಿತು.

ಡೊಂಬಿವಲಿಯಲ್ಲಿ ಕಾಳವ್ವ
ಪ್ಯಾಂಟಿನ ಕಿಸೆ ತಡವಿದಳು, ಒಗೆಯುವ ಮುನ್ನ.
ತೂತು ನೋಡಿ ಬೆಳಕಿಗೆ ಹಿಡಿದು ಕೇಳಿದಳು:
'ಇದು ಯಾರ ಸರದ ಗುಂಡು?'
ಹೇಳೋಣ ಅಂದುಕೊಂಡೆ.
ಅಷ್ಟರಲ್ಲಿ ದಾರ ಹುಡುಕಿ ತಂದು
ಕಿಟಕಿಯ ಪರದೆಯ ತುದಿಗೆ ಕಟ್ಟಿಬಿಟ್ಟಿದ್ದಳು.
ರೈಲು ಹಾಯುವಾಗೆಲ್ಲ ಒಲೆಯ ಕಡೆ ಹಾರುತ್ತಿದ್ದ ಪರದೆ
ಈಗ ಹಾರುವುದಿಲ್ಲ.